ಮೊದಲ ಕುರ್ತಿಗೆ ಯಾವ ಪ್ಯಾಟರ್ನ್? ಹಳೆಯ ಉಡುಪು, ಲಕೋಟೆ, ಪಿಡಿಎಫ್, ದರ್ಜಿಯ ಸೂತ್ರ

ಚಿಕ್ಕಪೇಟೆಯಿಂದ ಎರಡೂವರೆ ಮೀಟರ್ ಕಾಟನ್ ತಂದು, ನೆಲ ಒರೆಸಿ, ಬಟ್ಟೆ ಹರಡಿ, ಕತ್ತರಿ ಹಿಡಿದು ಕುಳಿತಾಗ ಕೈ ತಾನಾಗಿ ನಿಲ್ಲುತ್ತದೆ. ಯಂತ್ರ ತುಳಿಯುವುದನ್ನು ಒಂದು ವಾರದಲ್ಲಿ ಕಲಿಯಬಹುದು. ನೇರ ಹೊಲಿಗೆಯೂ ಕೈಗೆ ಹತ್ತುತ್ತದೆ. ಆದರೆ ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕು? ಕುತ್ತಿಗೆ ಎಷ್ಟು ಅಗಲ, ಕಂಕುಳು ಎಷ್ಟು ಆಳ, ತೋಳಿನ ತಲೆಯ ಕಮಾನು ಎಷ್ಟು ಎತ್ತರ? ಇವಕ್ಕೆ ಉತ್ತರ ಹೇಳುವ ಕಾಗದವೇ ಪ್ಯಾಟರ್ನ್.

ಮೂರು ವರ್ಷಗಳಲ್ಲಿ ನಾನು ನಾಲ್ಕು ದಾರಿಗಳಲ್ಲಿ ಪ್ಯಾಟರ್ನ್ ಮಾಡಿಕೊಂಡು ಹೊಲಿದಿದ್ದೇನೆ: ಮನೆಯ ಹಳೆಯ ಕುರ್ತಿಯನ್ನು ಕಾಗದಕ್ಕೆ ಇಳಿಸಿಕೊಂಡು, ವಿದೇಶದಿಂದ ತರಿಸಿದ ಲಕೋಟೆಯ ಪ್ಯಾಟರ್ನ್ ಬಿಡಿಸಿ, ಪಿಡಿಎಫ್ ಮುದ್ರಿಸಿ ಅಂಟಿಸಿ, ಕೊನೆಗೆ ಹೊಲಿಗೆ ತರಗತಿಗೆ ಸೇರಿ ಸ್ವಂತ ಅಳತೆಯಿಂದ ಗೆರೆ ಎಳೆದು. ನಾಲ್ಕರಲ್ಲೂ ಉಡುಪು ಆಗುತ್ತದೆ. ನಾಲ್ಕರಲ್ಲೂ ಕೆಡುತ್ತದೆ, ಕೆಡುವ ಜಾಗ ಮಾತ್ರ ಬೇರೆ ಬೇರೆ. ಒಂದರಲ್ಲಿ ತಪ್ಪು ಕಾಗದದ ಮೇಲೆಯೇ ಕಾಣುತ್ತದೆ. ಇನ್ನೊಂದರಲ್ಲಿ ಬಟ್ಟೆ ಕತ್ತರಿಸಿ, ಹೊಲಿದು, ತಲೆಯ ಮೇಲಿಂದ ಇಳಿಸುವಾಗಷ್ಟೇ ಗೊತ್ತಾಗುತ್ತದೆ. ಹೊಸದಾಗಿ ಕಲಿಯುವವರು ಬೆಲೆ, ಅಂದ, ಅನುಕೂಲಗಳನ್ನು ಲೆಕ್ಕ ಹಾಕುವ ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ: ನನ್ನ ತಪ್ಪು ನನಗೆ ಎಷ್ಟು ಬೇಗ ಕಾಣುತ್ತದೆ?

ಹೋಲಿಕೆಗೆ ಒಂದೇ ಉಡುಪನ್ನು ಇಟ್ಟುಕೊಳ್ಳೋಣ. ಎದೆಯ ಸುತ್ತಳತೆ 36 ಅಂಗುಲ ಇರುವವರಿಗೆ 42 ಅಂಗುಲ ಉದ್ದದ, ಗಿಡ್ಡ ತೋಳಿನ, ಕೆಳಗೆ ಸ್ವಲ್ಪ ಅಗಲವಾಗುವ ಎ-ಲೈನ್ ಕುರ್ತಿ. ಎದೆಯ ಬಳಿ ಹೊಲಿದು ಮುಗಿದ ಸುತ್ತಳತೆ 40 ಅಂಗುಲ, ಅಂದರೆ ದೇಹಕ್ಕಿಂತ 4 ಅಂಗುಲ ಸಡಿಲ. ದರ್ಜಿಗಳು ಇದನ್ನು ಲೂಸ್ ಎನ್ನುತ್ತಾರೆ. ಸೀರೆಯ ಬ್ಲೌಸನ್ನು ಬೇಕೆಂದೇ ಕೈಬಿಟ್ಟಿದ್ದೇನೆ. ಬ್ಲೌಸಿನಲ್ಲಿ ಸಡಿಲವೆಂಬುದು ಬಹಳ ಕಡಿಮೆ. ಡಾರ್ಟ್ (ಎದೆಯ ಆಕಾರ ಬರಲೆಂದು ಚೂಪಾಗಿ ಹಿಡಿದು ಹೊಲಿಯುವ ಮಡಿಕೆ), ಹುಕ್ ಪಟ್ಟಿ, ಆಳದ ಕುತ್ತಿಗೆ, ಬಿಗಿ ತೋಳು ಎಲ್ಲವೂ ಒಂದೇ ಗೇಣು ಬಟ್ಟೆಯಲ್ಲಿ ಸೇರಿರುತ್ತವೆ. ಅರ್ಧ ಅಂಗುಲದ ತಪ್ಪನ್ನು ಕುರ್ತಿ ಸಹಿಸಿಕೊಳ್ಳುತ್ತದೆ, ಬ್ಲೌಸ್ ಸಹಿಸುವುದಿಲ್ಲ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ‘ಬ್ಲೌಸ್ ಹೊಲಿಯಲು ಬಂದರೆ ಸಾಕು’ ಎಂದುಕೊಂಡು ಅದರಿಂದಲೇ ಆರಂಭಿಸಿ, ಒಂದು ಕೆಟ್ಟ ಮೇಲೆ ಯಂತ್ರಕ್ಕೆ ಮುಸುಕು ಹಾಕಿಬಿಡುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಹಳೆಯ ಕುರ್ತಿಯನ್ನು ಕಾಗದಕ್ಕೆ ಇಳಿಸುವುದು

ದರ್ಜಿಯ ಬಳಿ ಹೋಗುವಾಗ ಅಳತೆಗೆಂದು ಹಳೆಯ ಬ್ಲೌಸ್ ಒಯ್ಯುವುದು ನಮ್ಮ ಮನೆಗಳಲ್ಲಿ ಎಂದಿನಿಂದಲೋ ಇರುವ ಪದ್ಧತಿ. ಇದೂ ಅದೇ ವಿಚಾರ. ಮೈಗೆ ಚೆನ್ನಾಗಿ ಕೂರುವ ಒಂದು ಕುರ್ತಿಯನ್ನು ಇಸ್ತ್ರಿ ಮಾಡಿ, ಉದ್ದಕ್ಕೆ ಸರಿಯಾಗಿ ಅರ್ಧ ಮಡಚಿ, ಕಂದು ಕಾಗದದ ಮೇಲಿಟ್ಟು ಅದರ ರೂಪ ಇಳಿಸಿಕೊಳ್ಳುವುದು. ಕಾಗದದ ಕೆಳಗೆ ದಪ್ಪ ರಟ್ಟನ್ನೋ ಚಾಪೆಯನ್ನೋ ಹಾಸಿ, ಹೊಲಿಗೆಯ ಗೆರೆಯುದ್ದಕ್ಕೂ ಗುಂಡುಸೂಜಿಯಿಂದ ಚುಚ್ಚುತ್ತ ಹೋದರೆ ಕೆಳಗಿನ ಕಾಗದದಲ್ಲಿ ಚುಕ್ಕಿಗಳ ಸಾಲು ಸಿಗುತ್ತದೆ. ಚುಕ್ಕಿಗಳನ್ನು ಸೇರಿಸಿ, ಸುತ್ತಲೂ ಮಾರ್ಜಿನ್, ಅಂದರೆ ಹೊಲಿಗೆಯ ಗೆರೆಯಾಚೆ ಉಳಿಯುವ ಅಂಚು, ಬಿಟ್ಟರೆ ಪ್ಯಾಟರ್ನ್ ಸಿದ್ಧ.

ಇದರ ದೊಡ್ಡ ಗುಣವೆಂದರೆ ಅಳತೆಯ ಅನುಮಾನ ಇರುವುದಿಲ್ಲ. ಮೂಲ ಕುರ್ತಿ ನಿಮ್ಮ ಮೈಮೇಲೆ ಈಗಾಗಲೇ ಕೂತು ತೋರಿಸಿದೆ. ಖರ್ಚೂ ಇಲ್ಲ. ತಪ್ಪಾಗುವುದು ಬೇರೆ ಮೂರು ಕಡೆ. ಮೊದಲನೆಯದು ಕಂಕುಳು. ಮುಂಭಾಗದ ಕಂಕುಳಿನ ಕಮಾನು ಹಿಂಭಾಗದ್ದಕ್ಕಿಂತ ಸುಮಾರು ಅರ್ಧ ಅಂಗುಲ ಹೆಚ್ಚು ಒಳಗೆ ಸರಿದಿರುತ್ತದೆ. ಮಡಚಿದ ಕುರ್ತಿಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಮುಂದು ಹಿಂದು ಎರಡನ್ನೂ ಬೇರೆ ಬೇರೆ ಇಳಿಸಬೇಕು. ಎರಡನೆಯದು ತೋಳಿನ ತಲೆ. ಹೊಲಿದ ತೋಳು ಸಪಾಟಾಗಿ ಮಲಗುವುದಿಲ್ಲ, ಎಳೆದು ಮಲಗಿಸಿದರೆ ಕಮಾನು ತಗ್ಗುತ್ತದೆ, ಆಮೇಲೆ ಕಂಕುಳಿನ ಉದ್ದಕ್ಕೆ ತೋಳಿನ ಉದ್ದ ಸಾಲುವುದಿಲ್ಲ. ಇಳಿಸಿದ ಮೇಲೆ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಎರಡು ಗೆರೆಗಳನ್ನೂ ಅಳೆದು ನೋಡಲೇಬೇಕು. ತೋಳಿನ ಗೆರೆ ಕಂಕುಳಿಗೆ ಸಮ ಇರಬೇಕು ಅಥವಾ ಕೊಂಚ ಹೆಚ್ಚಿರಬೇಕು. ಮೂರನೆಯದು ಬಟ್ಟೆಯ ಜಾತಿ. ಹಿಗ್ಗುವ ಹೊಸೈರಿ ಬಟ್ಟೆಯ ಉಡುಪಿನ ರೂಪವನ್ನು ಕಾಟನ್‌ನಲ್ಲಿ ಹೊಲಿದರೆ ತೋಳು ಎತ್ತಲೂ ಆಗುವುದಿಲ್ಲ.

ಪೈಜಾಮ, ನೈಟಿ, ಒಳಲಂಗ, ತೋಳಿಲ್ಲದ ಸಡಿಲ ಕುರ್ತಿ ಇವಕ್ಕೆ ಈ ದಾರಿಯೇ ಅತ್ಯುತ್ತಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಕೊರತೆಯಿದೆ: ಉಡುಪನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂದು ಕಾಗದ ಹೇಳುವುದಿಲ್ಲ. ಹಳೆಯ ಕುರ್ತಿಯ ಒಳಮೈಯನ್ನು ತಿರುಗಿಸಿ ನೋಡಿ, ಯಾವ ಹೊಲಿಗೆ ಯಾವುದರ ಮೇಲೆ ಹಾದುಹೋಗಿದೆ ಎಂದು ಹುಡುಕಿದರೆ ಆ ಕ್ರಮವೂ ಸಿಗುತ್ತದೆ.

ಲಕೋಟೆಯಲ್ಲಿ ಬರುವ ಪ್ಯಾಟರ್ನ್

ಅಮೆರಿಕದ ಮ್ಯಾಸಚೂಸೆಟ್ಸ್‌ನ ಎಬನೀಜರ್ ಬಟರಿಕ್ ಎಂಬ ದರ್ಜಿ 1863ರಲ್ಲಿ ಬೇರೆ ಬೇರೆ ಅಳತೆಗಳಿಗೆ ಕಾಗದದ ಪ್ಯಾಟರ್ನ್ ಕತ್ತರಿಸಿ ಮಾರತೊಡಗಿದ. ಅಂದಿನಿಂದ ಆ ದೇಶದ ಮನೆಹೊಲಿಗೆ ಬೆಳೆದದ್ದು ಆ ಲಕೋಟೆಗಳ ಜೊತೆಗೆ. ಬಟರಿಕ್, ಮೆಕಾಲ್ಸ್, ಸಿಂಪ್ಲಿಸಿಟಿ ಹೆಸರುಗಳ ಲಕೋಟೆಗಳನ್ನು ಆನ್‌ಲೈನ್‌ನಲ್ಲಿ ತರಿಸಬಹುದು. ಸಾಗಣೆ ಸೇರಿದರೆ ಒಂದು ಲಕೋಟೆಯ ಬೆಲೆ ಅನೇಕ ವೇಳೆ ಬಟ್ಟೆಯ ಬೆಲೆಯನ್ನೇ ಮೀರುತ್ತದೆ.

ಒಳಗಿನ ತೆಳು ಕಾಗದದಲ್ಲಿ ಹಲವು ಸೈಜುಗಳ ಗೆರೆಗಳು ಒಂದರೊಳಗೊಂದು ಇರುತ್ತವೆ. ಚಿತ್ರಸಹಿತ ಸೂಚನೆಯ ಹಾಳೆ ನಿಜಕ್ಕೂ ಒಳ್ಳೆಯದು. ನಮ್ಮವರು ಎಡವುವುದು ಸೈಜಿನಲ್ಲಿ. ಅಂಗಡಿಯ ಸಿದ್ಧ ಉಡುಪಿನ ಸಂಖ್ಯೆಗೂ ಇಲ್ಲಿನ ಸಂಖ್ಯೆಗೂ ಸಂಬಂಧವಿಲ್ಲ. ಈ ಮೂರು ಹೆಸರುಗಳಲ್ಲಿ 36 ಅಂಗುಲದ ಎದೆಗೆ ಹೊಂದುವುದು 14ನೇ ಸೈಜು, ಅದರ ಸೊಂಟ 28, ಪೃಷ್ಠ 38. ಮೂರು ಅಳತೆಯೂ ಒಂದೇ ಸೈಜಿಗೆ ಬೀಳುವ ದೇಹ ಅಪರೂಪ. ಮೇಲೆ ಒಂದು ಗೆರೆ ಹಿಡಿದು ಕೆಳಗೆ ಇನ್ನೊಂದು ಗೆರೆಗೆ ನಯವಾಗಿ ಜಾರುವಂತೆ ಕತ್ತರಿಸಿಕೊಳ್ಳಬೇಕು.

ಇನ್ನೊಂದು ಸೂಕ್ಷ್ಮವಿದೆ. ಎದೆ ತುಂಬಿಕೊಂಡಿರುವವರು ಪೂರ್ತಿ ಎದೆಯ ಅಳತೆ ನೋಡಿ ಸೈಜು ಆರಿಸಿದರೆ ಭುಜ ಮತ್ತು ಕುತ್ತಿಗೆ ಜೋತುಬೀಳುತ್ತವೆ. ಕಂಕುಳಿಗೆ ತಗುಲುವಂತೆ, ಸ್ತನದ ಮೇಲಿಂದ ಹಾಯಿಸಿದ ಸುತ್ತಳತೆಯಿಂದ ಸೈಜು ಆರಿಸಿ ಎದೆಯ ಜಾಗದಲ್ಲಿ ಮಾತ್ರ ಅಗಲ ಹೆಚ್ಚಿಸುವುದು ಸರಿಯಾದ ಕ್ರಮ. ಬಟ್ಟೆಯ ಲೆಕ್ಕವೂ ಗಜದಲ್ಲಿರುತ್ತದೆ. 2⅝ ಗಜ ಎಂದರೆ 2.4 ಮೀಟರ್. ಗೌನ್, ಕಾಲರ್ ಶರ್ಟ್, ಪಾಶ್ಚಾತ್ಯ ಪ್ಯಾಂಟ್ ಹೊಲಿಯುವ ಆಸೆಯಿದ್ದವರಿಗೆ ಲಕೋಟೆಗೆ ಕೊಟ್ಟ ಹಣ ಸಾರ್ಥಕ. ಕುರ್ತಿಗಾಗಿ ಇಷ್ಟು ದೂರದಿಂದ ಕಾಗದ ತರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಪಿಡಿಎಫ್: ಮುದ್ರಣದಲ್ಲಿ ಕಾದಿರುವ ಅಪಾಯ

ಈಗ ಹೆಚ್ಚಿನ ಯುವಜನ ಹಿಡಿಯುವ ದಾರಿ ಇದು. ಹಣ ಕೊಟ್ಟ ಕ್ಷಣದಲ್ಲಿ ಪ್ಯಾಟರ್ನ್ ಮೊಬೈಲಿಗೆ ಬರುತ್ತದೆ. ಉಚಿತವಾಗಿ ಸಿಗುವ ಒಳ್ಳೆಯವೂ ಇವೆ. ಸೂಚನೆಗಳಲ್ಲಿ ಫೋಟೊಗಳಿರುತ್ತವೆ, ಹೊಸಬರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿರುತ್ತಾರೆ. ಆದರೆ ತಪ್ಪು ಇಲ್ಲಿ ಹೊಲಿಗೆಗೂ ಕತ್ತರಿಗೂ ಮೊದಲೇ, ಮುದ್ರಣ ಯಂತ್ರದಲ್ಲಿ ಹುಟ್ಟಬಹುದು. ಅದಕ್ಕೇ ಇದರ ಬಗ್ಗೆ ತುಸು ಹೆಚ್ಚು ಹೇಳುತ್ತೇನೆ.

ನನ್ನ ಮೊದಲ ಪಿಡಿಎಫ್ ಕುರ್ತಿಯನ್ನು ಮನೆಯ ಹತ್ತಿರದ ಝೆರಾಕ್ಸ್ ಅಂಗಡಿಯೊಂದರಲ್ಲಿ ಮುದ್ರಿಸಿದೆ. ಹಾಳೆಯ ಅಂಚಿನಲ್ಲಿ ಗೆರೆಗಳು ಕತ್ತರಿಸಿಹೋಗದಿರಲಿ ಎಂದು ಅಲ್ಲಿದ್ದವರು ಪುಟವನ್ನು ಹಾಳೆಗೆ ಹೊಂದಿಸುವ ಆಯ್ಕೆ ಒತ್ತಿದ್ದರು. ಕಚೇರಿಯ ಪತ್ರಕ್ಕೆ ಅದು ಸರಿಯಾದ ಕೆಲಸ, ಪ್ಯಾಟರ್ನ್‌ಗೆ ಮಾರಕ. ಚಿತ್ರ ನೂರಕ್ಕೆ 96ರ ಪ್ರಮಾಣಕ್ಕೆ ಕುಗ್ಗಿತು. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಹಾಳೆಗಳು ಒಂದಕ್ಕೊಂದು ಸರಿಯಾಗಿಯೇ ಕೂಡುತ್ತವೆ. ಲೆಕ್ಕ ಹಾಕಿ ನೋಡಿ: 40 ಅಂಗುಲದ ಸುತ್ತಳತೆ 38.4 ಆಗುತ್ತದೆ. ಇದ್ದ 4 ಅಂಗುಲ ಸಡಿಲದಲ್ಲಿ 1.6 ಅಂಗುಲ ಮಾಯ. ಹದಿನಾಲ್ಕೂವರೆ ಅಂಗುಲದ ಭುಜ ಹದಿನಾಲ್ಕಕ್ಕೂ ಕೆಳಗಿಳಿಯುತ್ತದೆ. ಕಂಕುಳೂ ಅದೇ ಪ್ರಮಾಣದಲ್ಲಿ ಕಿರಿದಾಗುತ್ತದೆ. ಆ ಕುರ್ತಿ ನನ್ನ ಭುಜದಿಂದ ಕೆಳಗಿಳಿಯಲಿಲ್ಲ. ಪ್ಯಾಟರ್ನ್ ಬರೆದವರನ್ನೂ ನನ್ನ ಅಳತೆಯನ್ನೂ ವಾರಗಟ್ಟಲೆ ಅನುಮಾನಿಸಿದ ಮೇಲೆ, ಮೊದಲ ಪುಟದಲ್ಲಿದ್ದ ಚೌಕವನ್ನು ಅಳೆದು ನೋಡಿದೆ. 10 ಸೆಂಟಿಮೀಟರ್ ಇರಬೇಕಾದದ್ದು 9.6 ಇತ್ತು.

ಬಹುತೇಕ ಎಲ್ಲ ಪಿಡಿಎಫ್ ಪ್ಯಾಟರ್ನ್‌ಗಳಲ್ಲೂ ಇಂಥ ಪರೀಕ್ಷಾ ಚೌಕವೊಂದು ಇರುತ್ತದೆ. ಆ ಒಂದು ಪುಟವನ್ನು ಮಾತ್ರ ಮೊದಲು ಮುದ್ರಿಸಿ, ಉಕ್ಕಿನ ಸ್ಕೇಲಿನಿಂದ ಉದ್ದಕ್ಕೂ ಅಗಲಕ್ಕೂ ಅಳೆಯಿರಿ. ಹಳೆಯ ಬಟ್ಟೆಯ ಟೇಪು ಹಿಗ್ಗಿರಬಹುದು, ಅದನ್ನು ನಂಬಬೇಡಿ. ಮುದ್ರಿಸುವವರಿಗೆ ‘ನಿಜ ಅಳತೆ, ನೂರಕ್ಕೆ ನೂರು’ ಎಂದು ಸ್ಪಷ್ಟವಾಗಿ ಹೇಳಿ. ಅಮೆರಿಕದ ಪ್ಯಾಟರ್ನ್‌ಗಳು ಲೆಟರ್ ಹಾಳೆಗೆ ರೂಪಿಸಿದವಾಗಿರಬಹುದು. ಅದರ ಅಗಲ 216 ಮಿಲಿಮೀಟರ್, ನಮ್ಮ ಎ4 ಹಾಳೆಯದು 210. ಎ4ಗೆಂದೇ ರೂಪಿಸಿದ ಕಡತ ಇದೆಯೇ ಎಂದು ಕೊಳ್ಳುವ ಮೊದಲು ನೋಡಿ.

ಎ4 ಹಾಳೆಗಳನ್ನು ಅಂಟಿಸುವ ಕೆಲಸಕ್ಕೆ ಒಂದು ಸಂಜೆ ಬೇಕು, ಜೊತೆಗೆ ಖಾಲಿ ನೆಲ ಬೇಕು. ಬೆಂಗಳೂರಿನ ಸಣ್ಣ ಮನೆಗಳಲ್ಲಿ ಎರಡನೆಯದೇ ಕಷ್ಟ. ಇದಕ್ಕೆ ಈ ಊರಿನಲ್ಲಿ ಒಂದು ಒಳ್ಳೆಯ ಪರಿಹಾರವಿದೆ. ಎಂಜಿನಿಯರಿಂಗ್ ಕಾಲೇಜುಗಳ ಸುತ್ತ, ಕಟ್ಟಡದ ನಕ್ಷೆ ಮುದ್ರಿಸಿಕೊಡುವ ಅಂಗಡಿಗಳಲ್ಲಿ, ಎ0 ಹಾಳೆಯ ಮೇಲೆ ಒಂದೇ ಸಲ ಮುದ್ರಿಸಿಕೊಡುತ್ತಾರೆ. 841 ಮಿಲಿಮೀಟರ್ ಅಗಲ, 1189 ಉದ್ದದ ಆ ಒಂದು ಹಾಳೆ ಹದಿನಾರು ಎ4 ಹಾಳೆಗಳಿಗೆ ಸಮ. ಪ್ಯಾಟರ್ನ್ ಕೊಡುವವರು ಎ0 ಕಡತವನ್ನೂ ಸೇರಿಸಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಅಂಟಿಸುವಾಗ ಒಂದೊಂದು ಸೇರ್ಪಡೆಯಲ್ಲಿ ಒಂದೊಂದು ಮಿಲಿಮೀಟರ್ ಜಾರಿದರೂ ಕೊನೆಗೆ ಅರ್ಧ ಅಂಗುಲ ಆಗುವುದುಂಟು. ಅಲ್ಲಿಯೂ ಚೌಕ ಅಳೆಯದೆ ಹಣ ಕೊಡಬೇಡಿ.

ಸೈಜು ಆರಿಸಲು ಎರಡು ಪಟ್ಟಿಗಳಿರುತ್ತವೆ: ದೇಹದ ಅಳತೆಯದು, ಹೊಲಿದು ಮುಗಿದ ಉಡುಪಿನದು. ಹೊಸಬರು ಮೊದಲನೆಯದನ್ನು ಮಾತ್ರ ಓದುತ್ತಾರೆ. ಎರಡನೆಯದನ್ನು ಮನೆಯ ನೆಚ್ಚಿನ ಕುರ್ತಿಯ ಅಳತೆಯ ಪಕ್ಕದಲ್ಲಿಟ್ಟು ನೋಡಿದರೆ ಉಡುಪು ಎಷ್ಟು ಸಡಿಲ ಇರುತ್ತದೆಂದು ಹೊಲಿಯುವ ಮೊದಲೇ ಗೊತ್ತಾಗುತ್ತದೆ. ಚೌಕವನ್ನೂ ಈ ಪಟ್ಟಿಯನ್ನೂ ಬಳಸುವವರಿಗೆ ಪಿಡಿಎಫ್‌ನಲ್ಲಿ ಬಹುಪಾಲು ತಪ್ಪುಗಳು ಕಾಗದದ ಹಂತದಲ್ಲೇ ಸಿಕ್ಕಿಬೀಳುತ್ತವೆ. ಬಳಸದವರಿಗೆ ಇದರಷ್ಟು ದಾರಿ ತಪ್ಪಿಸುವ ವಿಧಾನ ಬೇರೊಂದಿಲ್ಲ.

ಭಾಷೆಯ ವಿಷಯವನ್ನೂ ಹೇಳಬೇಕು. ಸೂಚನೆಗಳು ಬಹುತೇಕ ಇಂಗ್ಲಿಷಿನಲ್ಲಿರುತ್ತವೆ. ಗ್ರೇನ್‌ಲೈನ್, ನಾಚ್ (ತುಂಡುಗಳನ್ನು ಹೊಂದಿಸುವ ಗುರುತು), ಫೇಸಿಂಗ್ (ಅಂಚಿಗೆ ಒಳಗಿನಿಂದ ಕೊಡುವ ಪಟ್ಟಿ), ಈಸ್ (ಸಡಿಲ) ಎಂಬಂಥ ಹತ್ತು ಹದಿನೈದು ಪದಗಳು ಗೊತ್ತಾದರೆ ಉಳಿದದ್ದನ್ನು ಚಿತ್ರವೇ ಹೇಳುತ್ತದೆ. ಗ್ರೇನ್‌ಲೈನ್ ಎಂದರೆ ಬೇರೇನಲ್ಲ, ಬಟ್ಟೆಯ ಹಾಸಿನ ದಿಕ್ಕು. ನೇಯ್ಗೆಯಲ್ಲಿ ಉದ್ದಕ್ಕೆ ಹೋಗುವುದು ಹಾಸು, ಅಡ್ಡಕ್ಕೆ ಬರುವುದು ಹೊಕ್ಕು. ಪ್ಯಾಟರ್ನ್ ಮೇಲಿನ ಬಾಣದ ಗುರುತು ಬಟ್ಟೆಯ ನೇಯ್ದ ಅಂಚಿಗೆ ಸಮಾನಾಂತರವಾಗಿ ಕೂರಬೇಕು. ಬಾಣದ ಎರಡೂ ತುದಿಯಿಂದ ಅಂಚಿಗೆ ಟೇಪು ಹಿಡಿದರೆ ಒಂದೇ ಅಳತೆ ಬರಬೇಕು. ಬಟ್ಟೆ ಉಳಿಸಲೆಂದು ಕಾಗದವನ್ನು ಓರೆ ಮಾಡಿದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಕುರ್ತಿಯ ಪಕ್ಕದ ಹೊಲಿಗೆ ತೊಡೆಯ ಮೇಲೆ ತಿರುಗಿ ಬಂದಿರುತ್ತದೆ.

ತರಗತಿಯ ಸೂತ್ರ: ಸ್ವಂತ ಅಳತೆ, ಸ್ವಂತ ಗೆರೆ

ಬೆಂಗಳೂರಿನ ಹಳೆಯ ಬಡಾವಣೆಗಳ ಒಂದೊಂದು ಅಡ್ಡರಸ್ತೆಯಲ್ಲೂ ‘ಹೊಲಿಗೆ ಕಲಿಸಲಾಗುವುದು’ ಎಂಬ ಬೋರ್ಡು ಕಾಣುತ್ತದೆ. ಸಾಮಾನ್ಯವಾಗಿ ಮನೆಯ ಮುಂದಿನ ಕೋಣೆ, ನಾಲ್ಕೈದು ಕಪ್ಪು ಯಂತ್ರಗಳು, ಒಂದು ಎತ್ತರದ ಕಟಿಂಗ್ ಮೇಜು. ನಾನು ಸೇರಿದ್ದು ಬಸವನಗುಡಿಯ ಕಡೆಯ ಇಂಥದೇ ಒಂದು ಮನೆಗೆ. ಕಲಿಸುವ ಅಕ್ಕನವರು ಮೊದಲ ವಾರ ನೂಲೇ ಕೊಡಲಿಲ್ಲ. ಬರೀ ಸೂಜಿಯಲ್ಲಿ, ಗೆರೆ ಹಾಕಿದ ಕಾಗದದ ಮೇಲೆ ಹೊಲಿಯಿರಿ ಎಂದರು. ತೂತುಗಳ ಸಾಲು ಗೆರೆಯ ಮೇಲೆ ಬೀಳುವವರೆಗೆ ಬಟ್ಟೆ ಮುಟ್ಟುವಂತಿರಲಿಲ್ಲ. ಆಮೇಲೆ ರೆಕಾರ್ಡ್ ಪುಸ್ತಕ: ನಿಜ ಅಳತೆಯ ಕಾಲು ಭಾಗಕ್ಕೆ ಕಾಗದದಲ್ಲಿ ಜಬಲ, ಲಂಗ, ಬ್ಲೌಸ್, ಸಲ್ವಾರ್ ಬರೆದು, ಕತ್ತರಿಸಿ, ಅಂಟಿಸುವುದು. ಪುಟ್ಟ ಪುಟ್ಟ ಆ ಕಾಗದದ ಉಡುಪುಗಳನ್ನು ನಾನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಇಲ್ಲಿ ಪ್ಯಾಟರ್ನ್ ಹುಟ್ಟುವುದು ಭಾಗಾಕಾರದಿಂದ. ನಮ್ಮ ಕುರ್ತಿಯನ್ನೇ ತೆಗೆದುಕೊಳ್ಳಿ. ಎದೆ 36, ಅದರ ನಾಲ್ಕನೇ ಒಂದು ಭಾಗ 9. ಸಡಿಲಕ್ಕೆ 1 ಸೇರಿಸಿ 10. ಹೊಲಿಗೆಯ ಮಾರ್ಜಿನ್‌ಗೆ ಒಂದೂವರೆ ಸೇರಿಸಿ 11½. ಮುಂಭಾಗ ಹಿಂಭಾಗಗಳನ್ನು ಮಡಿಕೆಯ ಮೇಲೆ ಒಂದರ ಮೇಲೊಂದಿಟ್ಟು ನಾಲ್ಕು ಪದರ ಒಟ್ಟಿಗೆ ಕತ್ತರಿಸಿ, ಆಮೇಲೆ ಮುಂಭಾಗದ ಕುತ್ತಿಗೆ ಮತ್ತು ಕಂಕುಳನ್ನು ಮಾತ್ರ ಇನ್ನಷ್ಟು ಕೊರೆಯುತ್ತಾರೆ. ಲಕೋಟೆಯ ಪ್ಯಾಟರ್ನ್ ಬೇರೊಬ್ಬರ ದೇಹವನ್ನು ಕಾಗದಕ್ಕಿಳಿಸಿ ನಿಮ್ಮ ಕೈಗೆ ಕೊಡುತ್ತದೆ, ತಿದ್ದುವ ಹೊರೆ ನಿಮ್ಮದು. ಸೂತ್ರದ ದಾರಿ ನಿಮ್ಮ ಟೇಪಿನಿಂದಲೇ ಹೊರಡುತ್ತದೆ.

ಮಾರ್ಜಿನ್ ವಿಷಯದಲ್ಲಿ ನಮ್ಮ ದರ್ಜಿಗಳ ಜಾಣತನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಲಕೋಟೆಯ ಪ್ಯಾಟರ್ನ್‌ಗಳಲ್ಲಿ ಅದು ಸಾಮಾನ್ಯವಾಗಿ ⅝ ಅಂಗುಲ, ಅಂದರೆ ಒಂದೂವರೆ ಸೆಂಟಿಮೀಟರ್. ಅನೇಕ ಪಿಡಿಎಫ್‌ಗಳಲ್ಲಿ ಒಂದೇ ಸೆಂಟಿಮೀಟರ್. ಜರ್ಮನಿಯ ಬುರ್ಡಾ ಪತ್ರಿಕೆಯ ಪ್ಯಾಟರ್ನ್ ಹಾಳೆಗಳಲ್ಲಿ ಮಾರ್ಜಿನ್ ಸೇರಿರುವುದೇ ಇಲ್ಲ, ನಾವೇ ಬಿಟ್ಟುಕೊಳ್ಳಬೇಕು. ನಮ್ಮ ದರ್ಜಿ ಮಾತ್ರ ಪಕ್ಕದ ಹೊಲಿಗೆಯಲ್ಲಿ ಒಂದರಿಂದ ಒಂದೂವರೆ ಅಂಗುಲ ಒಳಗೆ ಬಿಟ್ಟು, ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾನೆ. ಮೈ ತುಂಬಿಕೊಂಡಾಗ ಒಂದು ಸಾಲು ಬಿಚ್ಚಿದರೆ ಉಡುಪು ಮತ್ತೆ ಹಿಡಿಸುತ್ತದೆ. ಹೊಸಬರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಹಾಗಾಗಿ ಯಾವ ಪ್ಯಾಟರ್ನ್ ಬಳಸಿದರೂ ಪಕ್ಕದ ಹೊಲಿಗೆಗಳಲ್ಲಿ ಅದರ ಮಾರ್ಜಿನ್ನನ್ನು ಒಂದು ಅಂಗುಲಕ್ಕಾದರೂ ಹೆಚ್ಚಿಸಿ, ನಿಜವಾದ ಹೊಲಿಗೆಯ ಗೆರೆಯನ್ನು ಸೀಮೆಸುಣ್ಣದಲ್ಲಿ ಎಳೆದುಕೊಳ್ಳಿ. ಕುತ್ತಿಗೆಗೆ ಮಾತ್ರ ಬೇಡ. ಅಲ್ಲಿ ಮಾರ್ಜಿನ್ ಅಗಲವಾದಷ್ಟೂ ತಿರುವಿನಲ್ಲಿ ಸುಕ್ಕು ಬೀಳುತ್ತದೆ.

ಸೂತ್ರದ ದೌರ್ಬಲ್ಯ ಎಲ್ಲಿದೆ? ಹಲವು ಸೂತ್ರಗಳು ಭುಜ, ಕಂಕುಳಿನ ಆಳ, ಕುತ್ತಿಗೆಯ ಅಗಲ ಎಲ್ಲವನ್ನೂ ಎದೆಯ ಒಂದು ಅಳತೆಯಿಂದಲೇ ಎಳೆದು ತೆಗೆಯುತ್ತವೆ. ಎದೆ ದೊಡ್ಡದು, ಭುಜ ಕಿರಿದು ಇರುವವರಿಗೆ ಭುಜದ ಹೊಲಿಗೆ ತೋಳಿನ ಮೇಲೆ ಇಳಿಬೀಳುತ್ತದೆ. ಇದನ್ನು ತಪ್ಪಿಸಲು ಭುಜವನ್ನು ಬೇರೆಯವರಿಂದ ಬೆನ್ನ ಮೇಲೆ ನೇರವಾಗಿ ಅಳತೆ ಮಾಡಿಸಿಕೊಂಡು ಸೂತ್ರದ ಅಂಕಿಯ ಬದಲು ಬಳಸಬೇಕು. ಸೂತ್ರಗಳೂ ತರಗತಿಯಿಂದ ತರಗತಿಗೆ ಬೇರೆ. ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ ಕಲಿತು ಬೆರೆಸಿದರೆ ತೋಳು ಕಂಕುಳಿಗೆ ಕೂರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗೆರೆ ತಪ್ಪಿದ್ದರೆ ಹೊಸಬರ ಕಣ್ಣಿಗೆ ಅದು ಕಾಣುವುದಿಲ್ಲ. ಕಲಿಸುವವರ ಕಣ್ಣಿಗೆ ಮಾತ್ರ ಕಾಣುತ್ತದೆ. ‘ಈ ತಿರುವು ಚೂಪಾಯಿತು, ದೋಣಿಯ ಹಾಗೆ ಬಾಗಿಸಿ’ ಎಂದು ಅವರು ಬೆರಳಿನಿಂದ ತೋರಿಸಿದ್ದು ಯಾವ ಮುದ್ರಿತ ಸೂಚನೆಯಲ್ಲೂ ನನಗೆ ಸಿಕ್ಕಿಲ್ಲ.

ಅದೇ ಕಾರಣಕ್ಕೆ ಮೊಬೈಲಿನ ಕಟಿಂಗ್ ವಿಡಿಯೊಗಳ ಬಗ್ಗೆ ಒಂದು ಎಚ್ಚರಿಕೆ. ಕನ್ನಡದಲ್ಲಿ ಅವು ಬೇಕಾದಷ್ಟಿವೆ, ಪ್ರೀತಿಯಿಂದ ಹೇಳಿಕೊಡುತ್ತಾರೆ. ನೋಡುವವರು ಮಾಡುವ ತಪ್ಪೆಂದರೆ ಅಲ್ಲಿ ಬರೆದ ಅಂಕಿಗಳನ್ನೇ ತಮ್ಮ ಬಟ್ಟೆಗೆ ಎತ್ತಿಕೊಳ್ಳುವುದು. ವಿಡಿಯೊದಲ್ಲಿ 36ರ ಎದೆಗೆ ಹೇಳಿದ ಕಂಕುಳಿನ ಆಳ 40ರ ಎದೆಗೆ ಸಾಲದು. ವಿಡಿಯೊ ನಿಲ್ಲಿಸಿ, ಆ ಅಂಕಿ ಎಲ್ಲಿಂದ ಬಂತು ಎಂದು ಹುಡುಕಿ, ಸೂತ್ರವನ್ನು ಬರೆದುಕೊಂಡು, ನಿಮ್ಮ ಅಳತೆ ಹಾಕಿ ಮತ್ತೆ ಲೆಕ್ಕ ಮಾಡಿ.

ಎದೆಯ ಅಳತೆಗೆ ತಕ್ಕಂತೆ ಕತ್ತರಿಸಿದ ಸಿದ್ಧ ಬ್ಲೌಸ್ ಪ್ಯಾಟರ್ನ್‌ಗಳೂ ರಟ್ಟಿನಲ್ಲಿ ಸಿಗುತ್ತವೆ, 32, 34, 36 ಹೀಗೆ. ಬ್ಲೌಸ್ ಹೊಲಿಯುವ ದಿನ ಬಂದಾಗ ಅವು ನೆರವಾಗುತ್ತವೆ. ಡಾರ್ಟಿನ ತುದಿ ನಿಮ್ಮ ದೇಹದಲ್ಲಿ ಎಲ್ಲಿ ಬೀಳಬೇಕೆಂಬುದನ್ನು ಮಾತ್ರ ರಟ್ಟು ತಿಳಿಯದು. ಭುಜದಿಂದ ಆ ಬಿಂದುವಿಗೆ ಅಳೆದು ಗುರುತು ಹಾಕಿಕೊಳ್ಳಬೇಕು.

ಬಟ್ಟೆಗೆ ಕತ್ತರಿ ಇಡುವ ಮೊದಲು

ನಾಲ್ಕರಲ್ಲಿ ಯಾವ ಕಾಗದ ಕೈಗೆ ಬಂದರೂ ಅದನ್ನು ಹಳೆಯ ಬಿಳಿ ಪಂಚೆಯ ಮೇಲೆ ಒಮ್ಮೆ ಕತ್ತರಿಸಿ ಕಚ್ಚಾ ಹೊಲಿಗೆ ಹಾಕಿ ನೋಡಿ. ಪಂಚೆಯಲ್ಲಿ ಹಾಸು ಹೊಕ್ಕು ಸ್ಪಷ್ಟವಾಗಿ ಕಾಣುತ್ತದೆ, ಸೀಮೆಸುಣ್ಣದ ಬದಲು ಪೆನ್ನಿನಿಂದ ಗೆರೆ ಎಳೆದರೂ ಬೇಸರವಿಲ್ಲ. ಯಂತ್ರದಲ್ಲಿ ಉದ್ದನೆಯ ಹೊಲಿಗೆ ಇಟ್ಟುಕೊಂಡರೆ ಬಿಚ್ಚುವುದೂ ಸುಲಭ. ತೋಳಿನ ಜೊತೆಗೇ ನೋಡಬೇಕು, ತೋಳಿಲ್ಲದೆ ನೋಡಿದರೆ ಕಂಕುಳಿನ ತಪ್ಪು ಅಡಗಿಕೊಳ್ಳುತ್ತದೆ. ಕೈ ಮುಂದಕ್ಕೆ ಚಾಚಿ, ಬಸ್ಸಿನ ಕಂಬಿ ಹಿಡಿಯುವ ಹಾಗೆ ಮೇಲೆತ್ತಿ, ಕುಳಿತು ನೋಡಿ.

ಮೊದಲ ಕುರ್ತಿಗೆ ಕೇಂಬ್ರಿಕ್ ಅಥವಾ ಪಾಪ್ಲಿನ್‌ನಂಥ ಜಾರದ ಕಾಟನ್ ಬಟ್ಟೆ ಆರಿಸಿ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಜಾರುವ ರೇಯಾನ್ ಎಷ್ಟೇ ಕರೆದರೂ ಈಗ ಬೇಡ, ಮೇಜಿನ ಮೇಲೆ ಅದನ್ನು ನೇರ ಹಾಸುವುದೇ ಒಂದು ವಿದ್ಯೆ. ಅಂಗಡಿಯವರು ಪನ್ನ ಎನ್ನುವ ಅಗಲವನ್ನು ಕೇಳಲೇಬೇಕು. 44 ಅಂಗುಲ ಪನ್ನದ ಬಟ್ಟೆಯಲ್ಲಿ ಮುಂದು ಹಿಂದು ಭಾಗಗಳು ಒಂದರ ಕೆಳಗೊಂದು ಬರುತ್ತವೆ. ಮಡಿಕೆ, ಮಾರ್ಜಿನ್ ಸೇರಿ ಒಂದೊಂದಕ್ಕೆ 44 ಅಂಗುಲ ಉದ್ದ ಹಿಡಿದರೆ 88 ಆಯಿತು. ಎರಡೂವರೆ ಮೀಟರ್ ಎಂದರೆ 98 ಅಂಗುಲ ಚಿಲ್ಲರೆ. ಉಳಿದ ಹತ್ತು ಅಂಗುಲ ಮತ್ತು ಪಕ್ಕದ ತುಂಡುಗಳಲ್ಲಿ ಗಿಡ್ಡ ತೋಳು, ಕುತ್ತಿಗೆಯ ಪಟ್ಟಿ ಬರಬೇಕು. ಕಾಟನ್ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯ. ಅದರಲ್ಲೇ ನಾಲ್ಕು ಅಂಗುಲ ಹೋಯಿತು. ಆದ್ದರಿಂದ ಕತ್ತರಿಸುವ ಮೊದಲೇ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಉದ್ದ ತೋಳು ಬೇಕೆನಿಸಿದರೆ ಮೂರು ಮೀಟರ್ ಕೊಳ್ಳಿ.

ಯಂತ್ರದ ಚಿಂತೆ ಬೇಡ. ಅಜ್ಜಿಯ ಕಾಲದ ಕಪ್ಪು ಯಂತ್ರವಾಗಲಿ, ಹೊಸ ವಿದ್ಯುತ್ ಯಂತ್ರವಾಗಲಿ, ಈ ನಾಲ್ಕೂ ದಾರಿಗಳಿಗೆ ನೇರ ಹೊಲಿಗೆ ಸಾಕು. ಕೇಂಬ್ರಿಕ್‌ಗೆ 14ನೇ ನಂಬರಿನ ಸೂಜಿ, ಮಲ್‌ಮಲ್‌ಗೆ 11. ಒಳ ಅಂಚುಗಳಿಗೆ ಓವರ್‌ಲಾಕ್ ಬೇಕಿದ್ದರೆ ಸೀರೆಗೆ ಫಾಲ್, ಪೀಕೊ ಮಾಡುವ ಅಂಗಡಿಯವರು ಮಾಡಿಕೊಡುತ್ತಾರೆ.

ಯಾರಿಗೆ ಯಾವುದು

ಯಾರಾದರೂ ನನ್ನನ್ನು ಕೇಳಿದರೆ ಅವರ ವಾರದ ದಿನಚರಿಯನ್ನು ಮೊದಲು ಕೇಳುತ್ತೇನೆ. ಕಚೇರಿ, ಟ್ರಾಫಿಕ್ ಮುಗಿಸಿ ಭಾನುವಾರ ಮಾತ್ರ ಸಿಗುವವರು ಹಳೆಯ ಕುರ್ತಿಯಿಂದ ಆರಂಭಿಸಲಿ. ತೋಳಿಲ್ಲದ್ದಾದರೆ ಎರಡು ಭಾನುವಾರದಲ್ಲಿ ಮುಗಿಯುತ್ತದೆ, ಮೈಗೂ ಹಿಡಿಸುತ್ತದೆ. ಅದಾದ ಮೇಲೆ ತೋಳು, ಜೇಬು, ಕಾಲರ್ ಹೊಲಿಯುವ ಕ್ರಮ ಕಲಿಯಲು ಒಂದು ಪಿಡಿಎಫ್ ತೆಗೆದುಕೊಳ್ಳಲಿ. ಪಿಡಿಎಫ್‌ನ ನಿಜವಾದ ಬೆಲೆ ಅದರ ಗೆರೆಗಳಿಗಿಂತ ಅದರ ಸೂಚನೆಗಳಲ್ಲಿದೆ.

ಬೆಳಗಿನ ಎರಡು ಗಂಟೆ ಬಿಡುವಿರುವವರು, ಮುಂದೆ ಬ್ಲೌಸ್ ಹೊಲಿಯಬೇಕೆಂದಿರುವವರು, ನಾಲ್ಕು ಜನರಿಗೆ ಹೊಲಿದುಕೊಟ್ಟು ಸಂಪಾದಿಸುವ ಆಸೆಯಿರುವವರು ನೇರವಾಗಿ ತರಗತಿಗೆ ಸೇರಲಿ. ಇತರರ ದೇಹಕ್ಕೆ ಹೊಲಿಯಲು ಸೂತ್ರ ಬೇಕೇ ಬೇಕು. ಸೇರುವ ಮೊದಲು ಅಲ್ಲಿ ಒಂದು ಗಂಟೆ ಕುಳಿತು ನೋಡಿ. ಕಲಿಸುವವರು ಕಲಿಯುವವರ ಕೈಗೆ ಕತ್ತರಿ ಕೊಡುತ್ತಾರೋ, ಇಲ್ಲವೇ ತಾವೇ ಕತ್ತರಿಸಿ ಹೊಲಿಯಲು ಮಾತ್ರ ಕೊಡುತ್ತಾರೋ ಎಂಬುದನ್ನು ಗಮನಿಸಿ. ಎರಡನೆಯದಾದರೆ ಆರು ತಿಂಗಳಾದರೂ ಕತ್ತರಿಸುವ ಧೈರ್ಯ ಬರುವುದಿಲ್ಲ.

ಕುರ್ತಿ ಮುಗಿದ ರಾತ್ರಿಯೇ ಪ್ಯಾಟರ್ನ್ ಮೇಲೆ ದಿನಾಂಕ, ಎದೆಯ ಅಳತೆ, ಬಟ್ಟೆಯ ಹೆಸರು, ಮಾಡಿದ ತಿದ್ದುಪಡಿಗಳನ್ನು ಬರೆದಿಡಿ. ನನ್ನ ಕಂದು ಕಾಗದದ ಮೇಲೆ ಈಗ ಮೂರು ಬಣ್ಣದ ಗೆರೆಗಳಿವೆ: ಹಳೆಯ ಕುರ್ತಿಯಿಂದ ಇಳಿಸಿದ್ದು ನೀಲಿ, ತರಗತಿಯ ಸೂತ್ರದಿಂದ ತಿದ್ದಿದ ಕಂಕುಳು ಕೆಂಪು, ಪಂಚೆಯ ಮೇಲೆ ನೋಡಿದ ಬಳಿಕ ಅರ್ಧ ಅಂಗುಲ ಒಳಗೆ ತಂದ ಭುಜ ಹಸಿರು. ಇನ್ನು ಬಟ್ಟೆಗೆ ಕತ್ತರಿ ಇಡುವುದು ಹಸಿರು ಗೆರೆಯ ಮೇಲೆ.